ಸಾನಮಾವು ಕಾಡಿನಾಚೆಯ ಉದ್ದನಪಲ್ಲಿ

ಹೊಸೂರಿನಿಂದ ರಾಯಕೋಟೆಯ ಕಡೆಗೆ ಹೊರಡುವ ಬಸ್ಸಿನಲ್ಲಿ ಕುಳಿತವರಿಗೆ ಒಂದೇ ಗಳಿಗೆಯಲ್ಲಿ ಮೂರು ಭಾಷೆಗಳು ಕಿವಿಗೆ ಬೀಳುತ್ತವೆ. ನಿರ್ವಾಹಕರು ತಮಿಳಿನಲ್ಲಿ ಊರು ಕೇಳುತ್ತಾರೆ, ಹಿಂದಿನ ಸೀಟಿನವರು ತೆಲುಗಿನಲ್ಲಿ ಟೊಮೆಟೊ ಧಾರಣೆ ಮಾತನಾಡುತ್ತಾರೆ, ಕಿಟಕಿಯ ಪಕ್ಕದ ಅಜ್ಜಿ ಮೊಮ್ಮಗನಿಗೆ ಕನ್ನಡದಲ್ಲಿ ಗದರುತ್ತಾರೆ. ಹಳ್ಳಿ ಎಂಬುದು ಪಲ್ಲಿಯಾಗಿಯೂ ಪಲ್ಲಿ ಎಂಬುದು ಹಳ್ಳಿಯಾಗಿಯೂ ಮಾರ್ಪಡುವ ಸೀಮೆ ಇದು. ಫಲಕದ ಮೇಲೆ ಯಾವ ಲಿಪಿಯಿದ್ದರೂ ಊರಿನವರು ತಮ್ಮ ನಾಲಗೆಗೆ ಒಗ್ಗಿದಂತೆಯೇ ಹೆಸರು ಕರೆಯುತ್ತಾರೆ. ಈ ದಾರಿಯಲ್ಲಿ ಸುಮಾರು 20 ಕಿ.ಮೀ. ಸಾಗಿದರೆ ಉದ್ದನಪಲ್ಲಿ ಸಿಗುತ್ತದೆ. ಇನ್ನಷ್ಟು ಮುಂದೆ ಹೋದರೆ ರಾಯಕೋಟೆ, ಅದರಾಚೆ ಪಾಲಕ್ಕೋಡು, ಧರ್ಮಪುರಿ.

ಊರು ತಲುಪುವ ಮುನ್ನ ದಾರಿಯ ಮೇಲೆ ನಿಂತು ನೋಡಬೇಕಾದ ಎರಡು ಸ್ಥಳಗಳಿವೆ. ಮೊದಲನೆಯದು ತೊರಪಳ್ಳಿ. ನಂದಿಬೆಟ್ಟದ ಕಡೆಯಿಂದ ಇಳಿದು, ಬೆಂಗಳೂರಿನ ಅಂಚಿನ ಕೊಳೆಯನ್ನೆಲ್ಲ ಹೊತ್ತು, ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನೊರೆಯುಗುಳಿ ಬರುವ ದಕ್ಷಿಣ ಪಿನಾಕಿನಿ ಈ ಅಗ್ರಹಾರದ ಬಳಿ ಹರಿಯುತ್ತದೆ. ಗಡಿಯ ಆಚೆ ಚೆಲ್ಲಿದ್ದು ಈಚೆ ಬಂದು ತಲುಪುತ್ತದೆ ಎಂಬುದಕ್ಕೆ ನದಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. 1878ರ ಡಿಸೆಂಬರ್ 10ರಂದು ಚಕ್ರವರ್ತಿ ರಾಜಗೋಪಾಲಾಚಾರಿಯವರು ಹುಟ್ಟಿದ್ದು ಇಲ್ಲಿ. ತಂದೆ ಊರಿನ ಮುನ್ಸೀಫರು. ಹುಡುಗ ಹೊಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜು ಸೇರಿ, ವಕೀಲರಾಗಿ, ಕಾಲಕ್ರಮದಲ್ಲಿ ಸ್ವತಂತ್ರ ಭಾರತದ ಗವರ್ನರ್ ಜನರಲ್ ಪದವಿಗೂ ಏರಿದರು. ಪಠ್ಯಪುಸ್ತಕದಲ್ಲಿ ಮಕ್ಕಳು ಓದುವ ಸಂಗತಿ ಇಷ್ಟು. ಉದ್ದನಪಲ್ಲಿಯಂಥ ಊರಿನ ಚರಿತ್ರೆಗೆ ಹತ್ತಿರವಾದದ್ದು ಅವರ ಬದುಕಿನ ಇನ್ನೊಂದು ಅಧ್ಯಾಯ.

ರಾಜಾಜಿಯವರು 1925ರಲ್ಲಿ ತಿರುಚೆಂಗೋಡಿನ ಬಳಿ ಪುದುಪಾಳಯದಲ್ಲಿ ಗಾಂಧಿ ಆಶ್ರಮ ಕಟ್ಟಿದರು. ಸುತ್ತಲಿನ ಹಳ್ಳಿಗಳಲ್ಲಿ ಕೂಲಿಯ ದುಡ್ಡು ಹೆಂಡದಂಗಡಿಗೆ ಹೋಗಿ, ಮನೆಯ ಒಲೆ ತಣ್ಣಗಿರುವುದನ್ನು ಅವರು ಹತ್ತಿರದಿಂದ ಕಂಡರು. ಪಾನನಿರೋಧದ ಪ್ರಚಾರಕ್ಕೆಂದೇ ‘ವಿಮೋಚನಂ’ ಎಂಬ ತಮಿಳು ಪತ್ರಿಕೆ ನಡೆಸಿದರು. 1937ರಲ್ಲಿ ಮದರಾಸು ಪ್ರಾಂತದ ಪ್ರಧಾನಿಯಾದಾಗ ಆ ವರ್ಷದ ಅಕ್ಟೋಬರ್ 1ರಿಂದ ಸೇಲಂ ಜಿಲ್ಲೆಯಲ್ಲಿ ಪಾನನಿರೋಧ ಜಾರಿಗೆ ತಂದರು. ಇಂದಿನ ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ, ಧರ್ಮಪುರಿಗಳೆಲ್ಲ ಆಗ ಸೇಲಂ ಜಿಲ್ಲೆಗೇ ಸೇರಿದ್ದವು. ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾದದ್ದು 1965ರಲ್ಲಿ, ಅದರಿಂದ ಕೃಷ್ಣಗಿರಿ ಒಡೆದದ್ದು 2004ರ ಫೆಬ್ರವರಿಯಲ್ಲಿ. ಹೀಗೆ ಉದ್ದನಪಲ್ಲಿಯ ನೆಲವೂ ಆ ಮೊದಲ ಪ್ರಯೋಗದ ಒಳಗೇ ಬಿದ್ದಿತ್ತು. ಹೆಂಡದ ಆದಾಯ ನಿಂತಾಗ ಬೊಕ್ಕಸ ತುಂಬಲು ಅವರ ಸರ್ಕಾರ 1939ರಲ್ಲಿ ಮಾರಾಟ ತೆರಿಗೆಯನ್ನು ತಂದಿತು. ಇಂದು ಅಂಗಡಿಯ ರಸೀದಿಯ ಕೆಳಗೆ ಕಾಣುವ ತೆರಿಗೆಯ ಸಾಲಿಗೂ ಈ ಹಳ್ಳಿಗಾಡಿನ ಕುಡಿತಕ್ಕೂ ಇಂಥದೊಂದು ನಂಟಿದೆ ಎಂಬುದು ಅನೇಕರಿಗೆ ಹೊಳೆಯದ ಮಾತು.

ರಾಜಾಜಿಯವರ ಕಣ್ಣಿಗೆ ಕುಡುಕನ ಹಿಂದೆ ಅವನ ಮನೆ ಕಾಣುತ್ತಿತ್ತು. ಅದು ದೊಡ್ಡ ಮಾತೇ ಸರಿ. ಆದರೆ ಕಾನೂನಿಗೆ ಕಾಣುವುದು ಅಂಗಡಿಯ ಬಾಗಿಲು ಮಾತ್ರ. ಬಾಗಿಲು ಮುಚ್ಚಿದಾಗ ಕುಡಿಯುವುದನ್ನು ಬಿಟ್ಟವರಿದ್ದರು. ಬಿಡಲಾಗದವರು ಕತ್ತಲೆಗೆ ಸರಿದರು. ನಾಲ್ವರ ನಡುವೆ ಕುಡಿಯುತ್ತಿದ್ದವನು ಬೇಲಿಯ ಮರೆಯಲ್ಲಿ ಒಬ್ಬನೇ ಕುಡಿಯತೊಡಗಿದ. ನಾಚಿಕೆ ಮತ್ತು ಭಯ ಒಟ್ಟಿಗೆ ಸೇರಿದಲ್ಲಿ ಮನುಷ್ಯ ಮೊದಲು ಕಳೆದುಕೊಳ್ಳುವುದು ಪಕ್ಕದಲ್ಲಿದ್ದವನನ್ನು.

ಮುಂದಿನ ಕಥೆ ಏರಿಳಿತದ್ದು. ತಮಿಳುನಾಡು 1971ರಲ್ಲಿ ಪಾನನಿರೋಧವನ್ನು ಸಡಿಲಿಸಿತು. ತೊಂಬತ್ತು ದಾಟಿದ್ದ ರಾಜಾಜಿಯವರು ಮುಖ್ಯಮಂತ್ರಿ ಕರುಣಾನಿಧಿಯವರ ಮನೆಗೇ ಹೋಗಿ ಬೇಡವೆಂದು ಕೇಳಿಕೊಂಡರು, ಫಲ ಸಿಗಲಿಲ್ಲ. 1974ರಲ್ಲಿ ಮತ್ತೆ ನಿಷೇಧ ಬಂತು, 1981ರಲ್ಲಿ ಮತ್ತೆ ತೆರೆಯಿತು. 1983ರಲ್ಲಿ ಹುಟ್ಟಿದ ಟಾಸ್ಮ್ಯಾಕ್ ಸಂಸ್ಥೆ 2003ರಿಂದ ಚಿಲ್ಲರೆ ಮಾರಾಟವನ್ನೂ ತನ್ನ ಕೈಗೆ ತೆಗೆದುಕೊಂಡಿತು. ಗಡಿಯ ಆಚೆ ಕರ್ನಾಟಕದಲ್ಲಿ ಹಳ್ಳಿಗರ ಅಗ್ಗದ ಪಾನೀಯ ಸಾರಾಯಿ. ಅದನ್ನು ಅಲ್ಲಿನ ಸರ್ಕಾರ 2007ರ ಜುಲೈ 1ರಿಂದ ನಿಷೇಧಿಸಿತು. ವರ್ಷ ತುಂಬುವ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಮುತ್ತ, ಆನೇಕಲ್ ಮತ್ತು ಕೋಲಾರದ ಕಡೆ, ಗಡಿಯ ಈಚೆ ಕೃಷ್ಣಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ಕಳ್ಳಭಟ್ಟಿ ಕುಡಿದವರು ಒಬ್ಬರ ಹಿಂದೊಬ್ಬರಂತೆ ಸಾಯತೊಡಗಿದರು. ಎರಡೂ ರಾಜ್ಯಗಳಲ್ಲಿ ಸೇರಿ ಸತ್ತವರ ಸಂಖ್ಯೆ 150ನ್ನು ದಾಟಿತು. ಬೆಂಗಳೂರು ಇಂಥದನ್ನು 1981ರಲ್ಲಿಯೂ ಕಂಡಿತ್ತು. ಆಗ ಸತ್ತವರು 300ಕ್ಕೂ ಹೆಚ್ಚು. 2024ರ ಜೂನ್‌ನಲ್ಲಿ ಕಳ್ಳಕುರಿಚಿಯ ಕರುಣಾಪುರಂನಲ್ಲಿ ಅದೇ ವಿಷ ಮತ್ತೆ 65ಕ್ಕೂ ಹೆಚ್ಚು ಜನರನ್ನು ಕೊಂಡೊಯ್ದಿತು. ಆ ಬಳಿಕ ತಮಿಳುನಾಡು ತನ್ನ ಕಾಯ್ದೆಯನ್ನು ತಿದ್ದಿ ಕಳ್ಳಭಟ್ಟಿ ಮಾರುವವರಿಗೆ ಜೀವಾವಧಿ ಶಿಕ್ಷೆಯವರೆಗೂ ಅವಕಾಶ ಮಾಡಿತು.

ಈ ಎಲ್ಲ ದುರಂತಗಳ ಹಿಂದಿರುವ ವಸ್ತು ಮೆಥನಾಲ್. ಕಾರ್ಖಾನೆಗಳಲ್ಲಿ ದ್ರಾವಕವಾಗಿ ಬಳಸುವ ಮದ್ಯಸಾರವಿದು. ನೋಡಲು, ಮೂಸಲು ಕುಡಿಯುವ ಮದ್ಯಸಾರದಂತೆಯೇ ಇರುತ್ತದೆ. ಕುಡಿದ ಕೂಡಲೇ ಅದು ಕೊಲ್ಲುವುದಿಲ್ಲ. ಅದರ ಕ್ರೌರ್ಯ ಇರುವುದೇ ಅಲ್ಲಿ. ಯಕೃತ್ತು ಅದನ್ನು ನಿಧಾನವಾಗಿ ಫಾರ್ಮಾಲ್ಡಿಹೈಡ್ ಆಗಿ, ಬಳಿಕ ಫಾರ್ಮಿಕ್ ಆಮ್ಲವಾಗಿ ಒಡೆಯುತ್ತದೆ. ಕೆಂಜಿಗ ಇರುವೆಯ ಕಡಿತದಲ್ಲಿರುವ ಆಮ್ಲವೇ ಅದು. ಹನ್ನೆರಡು ಗಂಟೆ, ಕೆಲವೊಮ್ಮೆ ಇಡೀ ಒಂದು ದಿನ ಕಳೆದ ಮೇಲೆ ಹೊಟ್ಟೆನೋವು, ವಾಂತಿ, ಏದುಸಿರು ಶುರುವಾಗುತ್ತವೆ. ಕಣ್ಣಿಗೆ ಮಂಜು ಕವಿದಂತೆ, ಬಿಳಿಯ ಪರದೆ ಬಿದ್ದಂತೆ ಆಗುತ್ತದೆ. ಆ ಹೊತ್ತಿಗೆ ಆಸ್ಪತ್ರೆ ಸೇರಿದರೆ ಮದ್ದುಂಟು: ವಿಷವನ್ನು ಒಡೆಯದಂತೆ ತಡೆಯುವ ಫೋಮೆಪಿಜೋಲ್ ಅಥವಾ ಶುದ್ಧ ಎಥನಾಲ್, ರಕ್ತದ ಆಮ್ಲತೆ ಇಳಿಸುವ ಬೈಕಾರ್ಬನೇಟ್, ಅಗತ್ಯವಾದರೆ ಡಯಾಲಿಸಿಸ್. ಆದರೆ ಒಬ್ಬನೇ ಕುಡಿದು ತೋಟದ ಮನೆಯಲ್ಲಿ ಮಲಗಿದವನನ್ನು ಮನೆಯವರು ಅಮಲಿನ ನಿದ್ದೆ ಎಂದುಕೊಳ್ಳುತ್ತಾರೆ. ಎದ್ದಾಗ ಬಯ್ಯೋಣವೆಂದು ಕಾಯುತ್ತಾರೆ. ಅವನಿಗೂ ತಾನು ಕುಡಿದದ್ದು ಏನೆಂದು ಹೇಳುವ ಧೈರ್ಯವಿರುವುದಿಲ್ಲ. ಹೇಳಿದರೆ ಪೊಲೀಸರು, ಹೇಳಿದರೆ ಮರ್ಯಾದೆ. ಬದುಕಿಸಬಹುದಾಗಿದ್ದ ಆ ಕೆಲವು ಗಂಟೆಗಳು ಹೀಗೆ ಮೌನದಲ್ಲಿ ಕರಗಿಹೋಗುತ್ತವೆ.

ದಾರಿಯ ಎರಡನೆಯ ಸ್ಥಳ ಸಾನಮಾವು. ಹೊಲಗಳ ನಡುವೆ ಥಟ್ಟನೆ ಎದುರಾಗುವ ಕಾದಿಟ್ಟ ಅರಣ್ಯ. ರಸ್ತೆ ಅದನ್ನು ಸೀಳಿಕೊಂಡು ಹೋಗುತ್ತದೆ. ರಾಗಿ ತೆನೆ ಬಲಿಯುವ ಕಾಲಕ್ಕೆ ಬನ್ನೇರುಘಟ್ಟ, ತಳಿ, ಜವಳಗಿರಿಯ ಕಾಡುಗಳಿಂದ ಹೊರಡುವ ಆನೆಗಳು ಡೆಂಕಣಿಕೋಟೆಯ ಕಡೆಯಿಂದ ಬಂದು ಸಾನಮಾವಿನಲ್ಲಿ ಬೀಡುಬಿಡುವುದು ಪ್ರತಿ ವರ್ಷದ ಮಾತು. ಹಗಲು ಕಾಡಿನಲ್ಲಿ, ರಾತ್ರಿ ರಾಗಿ ಹೊಲದಲ್ಲಿ. ಹಿಂಡು ಎಲ್ಲಿದೆ, ಎಷ್ಟಿದೆ, ಯಾವ ಕಡೆ ಮುಖ ಮಾಡಿದೆ ಎಂಬ ಸುದ್ದಿ ಅರಣ್ಯ ಇಲಾಖೆಯ ಕಾವಲುಗಾರರಿಂದ ಊರೂರಿಗೆ ಹೋಗುತ್ತದೆ. ಆಗ ಶಾಲೆಯಿಂದ ಮಕ್ಕಳು ಗುಂಪಾಗಿ ಮನೆಗೆ ಬರುತ್ತಾರೆ, ಬೆಳಗಿನ ಜಾವ ಹೊಲಕ್ಕೆ ಹೋಗುವವರು ಬೆಳಕು ಹರಿಯುವವರೆಗೆ ತಡೆಯುತ್ತಾರೆ.

ಇದೇ ತಮಿಳುನಾಡಿನ ವಾಲ್ಪಾರೈ ಬೆಟ್ಟಗಳ ಟೀ ತೋಟಗಳಲ್ಲಿ ಈ ಪದ್ಧತಿ ಇನ್ನೂ ವ್ಯವಸ್ಥಿತವಾಗಿ ಬೆಳೆದಿದೆ. ಅಲ್ಲಿ ಆನೆಗೆ ಸಿಕ್ಕು ಸತ್ತವರನ್ನು ಕುರಿತು ಸಂಶೋಧಕರು ವಿಚಾರಿಸಿದಾಗ, ಅವರಲ್ಲಿ ಬಹುಮಂದಿಗೆ ಆನೆ ಹತ್ತಿರದಲ್ಲಿರುವುದೇ ತಿಳಿದಿರಲಿಲ್ಲ ಎಂಬ ಸಂಗತಿ ಹೊರಬಂತು. ಸಂಜೆಗತ್ತಲಲ್ಲಿ ನಡೆದು ಮನೆಗೆ ಮರಳುವವರು ಅವರು. ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ಅರಣ್ಯ ಇಲಾಖೆಯೊಂದಿಗೆ ಸೇರಿ, ಆನೆ ಕಂಡ ಸುದ್ದಿಯನ್ನು ಮೊಬೈಲ್ ಸಂದೇಶವಾಗಿ ಕಳುಹಿಸತೊಡಗಿದರು. ಬಸ್ ನಿಲ್ಲುವ ಕಡೆ ಫೋನಿನಿಂದಲೇ ಹೊತ್ತಿಸಬಹುದಾದ ಕೆಂಪು ದೀಪಗಳನ್ನು ನೆಟ್ಟರು. ಆನೆಯನ್ನು ಓಡಿಸುವ ಯೋಜನೆ ಅದಲ್ಲ. ಆನೆ ಇರುತ್ತದೆ, ಮನುಷ್ಯನೂ ನಡೆಯುತ್ತಾನೆ. ಇಬ್ಬರ ನಡುವೆ ದೂರದಿಂದ ಎಚ್ಚರಿಸುವ ಒಂದು ದನಿ ಇರಲಿ ಎಂಬುದಷ್ಟೇ ಅದರ ಉದ್ದೇಶ. ವಾಲ್ಪಾರೈಯಲ್ಲಿ ಸಾವುಗಳು ಇಳಿದವು.

ಕಾಡು ಮುಗಿದು ಮತ್ತೆ ಹೊಲಗಳು ಬಿಚ್ಚಿಕೊಳ್ಳುತ್ತವೆ. ಟೊಮೆಟೊ, ಎಲೆಕೋಸು, ರಾಗಿ, ಅಲ್ಲಲ್ಲಿ ಗುಲಾಬಿಯ ಪಾಲಿಹೌಸುಗಳು. ಉದ್ದನಪಲ್ಲಿ ದೊಡ್ಡ ಊರಲ್ಲ. ರಸ್ತೆಯ ಎರಡೂ ಬದಿಗೆ ಅಂಗಡಿ, ಅವುಗಳ ಹಿಂದೆ ಮನೆ, ಮನೆಗಳ ಹಿಂದೆ ಹೊಲ ಎಂಬ ಹಳೆಯ ಜೋಡಣೆ. ಆ ಜೋಡಣೆ ಈಗ ಬಿರುಸಾಗಿ ಬದಲಾಗುತ್ತಿದೆ. ಬೆಂಗಳೂರಿನ ನೆರಳೂರಿನಿಂದ ಧರ್ಮಪುರಿಗೆ ಎಳೆದ 844ನೆಯ ರಾಷ್ಟ್ರೀಯ ಹೆದ್ದಾರಿ ಈ ಸೀಮೆಯನ್ನು ಹಾದುಹೋಗುತ್ತದೆ. ಉದ್ದನಪಲ್ಲಿ, ಅಯರ್ನಪಲ್ಲಿ, ನಾಗಮಂಗಲ ಪಂಚಾಯತಿಗಳ ಜಮೀನನ್ನು ಸಿಪ್ಕಾಟ್ ಕೈಗಾರಿಕಾ ಪ್ರದೇಶಕ್ಕೆ ಪಡೆಯುವ ಯೋಜನೆಯ ವಿರುದ್ಧ ಇಲ್ಲಿನ ರೈತರು 2023ರಲ್ಲಿ ದಿನಗಟ್ಟಲೆ ಧರಣಿ ಕುಳಿತರು. ಸಮೀಪದಲ್ಲೇ ಟಾಟಾ ಎಲೆಕ್ಟ್ರಾನಿಕ್ಸ್‌ನ ಬೃಹತ್ ಕಾರ್ಖಾನೆ ಎದ್ದಿದೆ. ಸಾವಿರಾರು ಯುವಜನರು, ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ದೂರದ ರಾಜ್ಯಗಳಿಂದಲೂ ಬಂದು ದುಡಿಯುತ್ತಾರೆ. ರಾತ್ರಿ ಪಾಳಿ ಮುಗಿಸಿದವರ ಬಸ್ಸುಗಳು, ರಾಯಕೋಟೆಯ ಮಾರುಕಟ್ಟೆಗೆ ಟೊಮೆಟೊ ಹೊರುವ ವಾಹನಗಳು ಬೆಳಗಿನ ಜಾವ ಒಂದೇ ರಸ್ತೆಯಲ್ಲಿ ಎದುರುಬದುರಾಗುತ್ತವೆ.

ಬದಲಾಗುವ ಊರಿನಲ್ಲಿ ಒಂಟಿತನಕ್ಕೆ ಹೊಸ ಠಾವುಗಳು ಹುಟ್ಟುತ್ತವೆ. ಹೊಲ ಮಾರಿದ ಹಣ ಕೈಯಲ್ಲಿದ್ದು ಕೆಲಸ ಕೈತಪ್ಪಿದ ನಡುವಯಸ್ಸಿನವನು, ಬಾಡಿಗೆ ಕೋಣೆಯಲ್ಲಿ ಮಾತು ಬಾರದ ಊರಿನ ನಡುವೆ ಮಲಗುವ ಹುಡುಗ, ಧಾರಣೆ ಕುಸಿದ ವರ್ಷ ಪಂಪ್‌ಸೆಟ್ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುವ ರೈತ. ಇವರು ಯಾರೂ ಉದ್ದನಪಲ್ಲಿಗೆ ಮಾತ್ರ ಸೇರಿದವರಲ್ಲ. ನಗರದ ಅಂಚು ತಾಗಿದ ಎಲ್ಲ ಹಳ್ಳಿಗಳಲ್ಲೂ ಇದ್ದಾರೆ. ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯದ ಪರವಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಅಫೀಮು ಮೂಲದ ಅಥವಾ ಅದೇ ಗುಣದ ಪದಾರ್ಥ ಬಳಸುವವರು ಎರಡು ಕೋಟಿಗೂ ಹೆಚ್ಚು. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಯಾವುದಾದರೊಂದು ಚಿಕಿತ್ಸೆ ದೊರೆತವನು ಒಬ್ಬ. ಉಳಿದ 37 ಮಂದಿ ಯಾರ ಕಣ್ಣಿಗೂ ಬೀಳದೆ ಇದ್ದಾರೆ ಎಂದೇ ಅದರ ಅರ್ಥ.

ಇತ್ತೀಚಿನ ವರ್ಷಗಳಲ್ಲಿ ಮಾತ್ರೆಗಳ ಹಾವಳಿಯೂ ಸೇರಿದೆ. ತೀವ್ರ ನೋವಿಗೆ ವೈದ್ಯರು ಬರೆಯುವ ಟ್ಯಾಪೆಂಟಡಾಲ್‌ನಂಥ ಮಾತ್ರೆಗಳು ಅಮಲಿಗಾಗಿ ಕೈಬದಲಾಗುವ ಪ್ರಕರಣಗಳು ತಮಿಳುನಾಡಿನ ಪೊಲೀಸ್ ದಾಖಲೆಗಳಲ್ಲಿ ಮತ್ತೆ ಮತ್ತೆ ಕಾಣುತ್ತವೆ. ಅಫೀಮಿನ ಜಾತಿಯ ಈ ಪದಾರ್ಥಗಳು ಮಿತಿಮೀರಿದಾಗ ಮಿದುಳು ಉಸಿರಾಡುವುದನ್ನೇ ಮರೆಯುತ್ತದೆ. ಮದ್ಯವೋ ನಿದ್ದೆಮಾತ್ರೆಯೋ ಜೊತೆಗೂಡಿದರೆ ಅಪಾಯ ಇಮ್ಮಡಿ. ಕೆಲವು ತಿಂಗಳು ಚಿಕಿತ್ಸೆ ಪಡೆದು ಅಥವಾ ಸೆರೆಯಲ್ಲಿದ್ದು ಬಂದವನು ಹಳೆಯ ಅಳತೆಯಲ್ಲೇ ಮತ್ತೆ ತೆಗೆದುಕೊಂಡರೆ, ಅಭ್ಯಾಸ ತಪ್ಪಿದ ದೇಹ ಅದನ್ನು ತಡೆಯಲಾರದು. ಬಿಟ್ಟಿದ್ದಾನೆ ಎಂದು ಮನೆಯವರು ನೆಮ್ಮದಿಯಾಗಿರುವ ಕಾಲವೇ ಹೆಚ್ಚು ಅಪಾಯದ ಕಾಲ ಎಂಬುದು ಕಹಿಯಾದರೂ ನಿಜ.

ಅಮೆರಿಕ ಮತ್ತು ಕೆನಡಾಗಳಲ್ಲಿ ಈ ಬಗೆಯ ಸಾವು ಸಾಂಕ್ರಾಮಿಕದಂತೆ ಹರಡಿದಾಗ ಅಲ್ಲಿನವರು ಗಮನಿಸಿದ್ದು ಒಂದು ಸರಳ ಸಂಗತಿ. ಬೀದಿಯಲ್ಲಿ ಕುಸಿದವನನ್ನು ದಾರಿಹೋಕರು ಕಾಣುತ್ತಾರೆ. ಬಾಗಿಲು ಹಾಕಿದ ಕೋಣೆಯಲ್ಲಿ ಕುಸಿದವನನ್ನು ಯಾರೂ ಕಾಣುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ 2016ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಆರೋಗ್ಯದ ತುರ್ತುಸ್ಥಿತಿ ಘೋಷಿಸಿತು. ಅಲ್ಲಿ ಸತ್ತವರಲ್ಲಿ ಹೆಚ್ಚಿನವರು ಸತ್ತದ್ದು ನಾಲ್ಕು ಗೋಡೆಗಳ ಒಳಗೆ. ಉಸಿರನ್ನು ಮರಳಿಸುವ ನಲೋಕ್ಸೋನ್ ಎಂಬ ಮದ್ದು ಹಿಂದಿನಿಂದಲೂ ಇತ್ತು. ಅದನ್ನು ವೈದ್ಯರಲ್ಲದವರ ಕೈಗೂ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. ಮೂಗಿಗೆ ಸಿಂಪಡಿಸುವ ರೂಪದಲ್ಲಿ ಅಮೆರಿಕದಲ್ಲಿ 2023ರಿಂದ ಚೀಟಿಯಿಲ್ಲದೆ ಮಾರುತ್ತಾರೆ. ಆದರೆ ಜ್ಞಾನತಪ್ಪಿದವನು ತನ್ನ ಮೂಗಿಗೆ ತಾನೇ ಮದ್ದು ಹಾಕಿಕೊಳ್ಳಲಾರ. ಮದ್ದಿದ್ದೂ ಮನುಷ್ಯನಿಲ್ಲ ಎಂಬ ಈ ಬಿಕ್ಕಟ್ಟಿಗೆ ಉತ್ತರವಾಗಿ ಹುಟ್ಟಿದ್ದು ದೂರವಾಣಿಯ ಕಾವಲು.

ಅಮೆರಿಕದಲ್ಲಿ 2019ರಿಂದ ‘ನೆವರ್ ಯೂಸ್ ಅಲೋನ್’, ಕೆನಡಾದಲ್ಲಿ 2020ರ ಕೊನೆಯಿಂದ ‘ನ್ಯಾಷನಲ್ ಓವರ್‌ಡೋಸ್ ರೆಸ್ಪಾನ್ಸ್ ಸರ್ವಿಸ್’ ಎಂಬ ಸಾಲುಗಳು ನಡೆದಿವೆ. ಕ್ರಮ ತೀರ ಸರಳ. ಒಬ್ಬನೇ ಇರುವವನು ಕರೆ ಮಾಡುತ್ತಾನೆ. ಆ ಕಡೆಯವರು ಉಪದೇಶ ಮಾಡುವುದಿಲ್ಲ. ಎಲ್ಲಿದ್ದಾನೆ, ಬಾಗಿಲು ತೆಗೆದಿದೆಯೇ, ಹೆಚ್ಚುಕಡಮೆಯಾದರೆ ಯಾರನ್ನು ಕಳುಹಿಸಬೇಕು ಎಂದಷ್ಟೇ ಕೇಳಿಕೊಳ್ಳುತ್ತಾರೆ. ಬಳಿಕ ಸಾಲಿನಲ್ಲೇ ಇರುತ್ತಾರೆ. ಹವಾಮಾನ, ಅಡುಗೆ, ಆಟದ ಮಾತು ಏನಾದರೂ ಆಗಬಹುದು. ಮಾತಿಗೆ ಉತ್ತರ ನಿಂತರೆ ಆಂಬ್ಯುಲೆನ್ಸನ್ನೋ ಅವನೇ ಹೆಸರಿಸಿದ ನೆರೆಯವರನ್ನೋ ಕಳುಹಿಸುತ್ತಾರೆ. ಫೋನ್ ಎತ್ತುವವರಲ್ಲಿ ಅನೇಕರು ತಾವೇ ಆ ಚಟದ ಹಾದಿ ನಡೆದವರು, ಇಲ್ಲವೇ ಮನೆಯವರನ್ನು ಕಳೆದುಕೊಂಡವರು.

ಇದು ಚಟಕ್ಕೆ ಕುಮ್ಮಕ್ಕು ಕೊಟ್ಟಂತಲ್ಲವೇ ಎಂಬ ಪ್ರಶ್ನೆ ಓದುವ ಯಾವ ತಂದೆತಾಯಿಯ ಮನಸ್ಸಿನಲ್ಲಾದರೂ ಏಳುವಂಥದೇ. ಅಲ್ಲಿಯೂ ಎದ್ದಿದೆ. ಮಾರುವವನ ಮೇಲಿನ ಕಟ್ಟುನಿಟ್ಟು ಇದರಿಂದ ಕಿಂಚಿತ್ತೂ ಸಡಿಲವಾಗಬೇಕಿಲ್ಲ. ಎಳೆಯರನ್ನು ದೂರವಿಡುವ ಕೆಲಸವೂ ನಿಲ್ಲಬೇಕಿಲ್ಲ. ಆದರೆ ಈ ರಾತ್ರಿ ಸತ್ತವನು ನಾಳೆ ಬಿಡುವ ಪ್ರಶ್ನೆಯೇ ಇಲ್ಲ. ಸಾನಮಾವಿನ ಕಾವಲುಗಾರ ಆನೆ ಬಂದಿದೆ ಎಂದು ಕೂಗುವಾಗ, ಅಪರಾತ್ರಿಯಲ್ಲಿ ಹೊಲಕ್ಕೆ ಹೋಗಿದ್ದು ತಪ್ಪೋ ಸರಿಯೋ ಎಂದು ಮೊದಲು ವಿಚಾರಿಸುವುದಿಲ್ಲ.

ಭಾರತದ ಸಹಾಯವಾಣಿಗಳು ಆ ಬಗೆಯ ಕಾವಲಿಗಾಗಿ ರೂಪುಗೊಂಡವಲ್ಲ. ಇವು ಸಲಹೆ ಕೊಡುವ, ಚಿಕಿತ್ಸೆಗೆ ದಾರಿ ತೋರಿಸುವ ಸಾಲುಗಳು. ಹಾಗಿದ್ದರೂ ಉದ್ದನಪಲ್ಲಿಯ ಒಬ್ಬನ ಕೈಗೆಟಕುವಂತೆ ಇರುವುದು ಇವೇ. ವ್ಯಸನಮುಕ್ತಿಗಾಗಿ ಕೇಂದ್ರ ಸರ್ಕಾರದ ಉಚಿತ ಸಂಖ್ಯೆ 14446. ಮಾನಸಿಕ ಆರೋಗ್ಯಕ್ಕೆ ‘ಟೆಲಿ ಮಾನಸ್’, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮೂಲಕೇಂದ್ರ. ಹಗಲು ರಾತ್ರಿ ನಡೆಯುವ ಈ ಸಾಲಿನಲ್ಲಿ ಕರೆ ಮಾಡಿದವರು ತಮ್ಮ ಭಾಷೆಯನ್ನು ಆರಿಸಿಕೊಳ್ಳಬಹುದು. ಆ ಇಪ್ಪತ್ತು ಭಾಷೆಗಳಲ್ಲಿ ತಮಿಳು, ತೆಲುಗು, ಕನ್ನಡ ಮೂರೂ ಇವೆ. ಗಡಿನಾಡಿನವರಿಗೆ ಇದು ಸಣ್ಣ ಮಾತಲ್ಲ. ಆಸ್ಪತ್ರೆಯ ಕೌಂಟರಿನಲ್ಲಿ ತಮಿಳಿನಲ್ಲಿ ವ್ಯವಹಾರ ಮುಗಿಸಬಲ್ಲವನಿಗೂ ಮಗ ಕೆಟ್ಟುಹೋದ ಎಂಬ ದುಃಖವನ್ನು ಹೇಳಿಕೊಳ್ಳಲು ತಾಯಿಯ ನುಡಿಯೇ ಬೇಕಾಗುತ್ತದೆ.

ಕಾನೂನಿನ ಭಯವನ್ನೂ ಅಳತೆಯಲ್ಲಿ ಇಡುವುದು ಒಳ್ಳೆಯದು. 1985ರ ಮಾದಕ ವಸ್ತು ಕಾಯ್ದೆ ಕಠಿಣವಾದದ್ದು, ನಿಜ. ಅದರದೇ 64ಎ ವಿಧಿ, ತಾನಾಗಿ ಮುಂದೆ ಬಂದು ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆಯುವ ವ್ಯಸನಿಗೆ, ಬಳಕೆಯ ಅಥವಾ ಅಲ್ಪ ಪ್ರಮಾಣದ ಅಪರಾಧಗಳಲ್ಲಿ ರಕ್ಷಣೆ ಕೊಡುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕಗಳಿಂದ ಉಂಟಾಗುವ ಮನೋಸ್ಥಿತಿಯನ್ನು ಕಾಯಿಲೆಗಳ ಸಾಲಿಗೇ ಸೇರಿಸಿದೆ. ಊರಿನ ಬಾಯಿ ಅದನ್ನು ಇನ್ನೂ ಕೊಬ್ಬು ಎಂದೇ ಕರೆಯುತ್ತದೆ. ಕಾಯ್ದೆಯ ಪುಸ್ತಕ ಈ ವಿಷಯದಲ್ಲಿ ಊರಿಗಿಂತ ಮುಂದಿದೆ.

ಮನೆಯಲ್ಲಿ ಇರುವವರಿಗೆ ತಿಳಿದಿರಬೇಕಾದದ್ದು ಬಹಳವಿಲ್ಲ. ಅಮಲಿನ ನಿದ್ದೆಯವನು ಜೋರಾಗಿ ಕರೆದು ಭುಜ ಅಲುಗಿಸಿದರೆ ಗೊಣಗುತ್ತಾನೆ. ಗೊಣಗದಿದ್ದರೆ, ಉಸಿರು ನಿಧಾನವಾಗಿ ಗೊರಗೊರ ಎನ್ನುತ್ತಿದ್ದರೆ, ತುಟಿ ಉಗುರು ನೀಲಿಗಟ್ಟಿದ್ದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿದ್ದರೆ ಅದು ನಿದ್ದೆಯಲ್ಲ. 108ಕ್ಕೆ ಕರೆ ಮಾಡಿ, ಉಸಿರಾಡುತ್ತಿರುವವನನ್ನು ಮಗ್ಗುಲಿಗೆ ಹೊರಳಿಸಿ ಮಲಗಿಸಬೇಕು; ಅಂಗಾತ ಬಿಟ್ಟರೆ ವಾಂತಿ ಉಸಿರುಗೊಳವೆ ಸೇರುತ್ತದೆ. ಹುಣಸೆ ನೀರು, ಮಜ್ಜಿಗೆ, ಉಪ್ಪುನೀರು ಕುಡಿಸುವುದು, ಬಾಯಿಗೆ ಬೆರಳಿಟ್ಟು ಕಕ್ಕಿಸುವುದು ಸಲ್ಲದು. ಕಳ್ಳಭಟ್ಟಿ ಕುಡಿದದ್ದು ಗೊತ್ತಿದ್ದು, ಮರುದಿನ ಕಣ್ಣು ಮಂಜಾಯಿತು ಎಂದರೆ ತಡಮಾಡದೆ ಹೊಸೂರಿನ ಅಥವಾ ಕೃಷ್ಣಗಿರಿಯ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಅವನೊಂದಿಗೆ ಕುಡಿದವರು ಚೆನ್ನಾಗಿಯೇ ಇದ್ದರೂ ಅವರನ್ನೂ. ಏನು ಕುಡಿದ ಎಂಬುದನ್ನು ವೈದ್ಯರಿಂದ ಮುಚ್ಚಿಡಬಾರದು; ಮದ್ದು ನಿರ್ಧಾರವಾಗುವುದೇ ಅದರ ಮೇಲೆ. ಇನ್ನೊಂದು ಸಂಗತಿಯನ್ನು ಒಳ್ಳೆಯ ಮನಸ್ಸಿನವರೇ ಹೆಚ್ಚಾಗಿ ತಪ್ಪುತ್ತಾರೆ: ವರ್ಷಗಟ್ಟಲೆ ಪ್ರತಿದಿನ ಕುಡಿದವನನ್ನು ಕೋಣೆಯಲ್ಲಿ ಕೂಡಿಹಾಕಿ ಒಂದೇ ದಿನದಲ್ಲಿ ಬಿಡಿಸುವುದು. ಅಂಥವನಿಗೆ ಅಪಸ್ಮಾರ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣವೂ ಹೋಗಬಹುದು. ಆ ಬಿಡುಗಡೆ ವೈದ್ಯರ ಕಣ್ಣೆದುರಿಗೇ ಆಗಬೇಕು.

ಕರೆ ಮಾಡಿದಾಗ ಆ ಕಡೆಯವರು ಮೊದಲು ಕೇಳುವುದು ಎಲ್ಲಿ ಎಂದು. ಉದ್ದನಪಲ್ಲಿಯ ಸುತ್ತಿನ ತೋಟದ ಮನೆಗಳಿಗೆ ಬಾಗಿಲ ಸಂಖ್ಯೆಯಿಲ್ಲ. ಪಕ್ಕದಲ್ಲೇ ನಾಗಮಂಗಲ, ಆ ಹೆಸರು ಹೇಳಿದರೆ ಕರ್ನಾಟಕದವರಿಗೆ ಮಂಡ್ಯ ಜಿಲ್ಲೆಯ ನಾಗಮಂಗಲ ಹೊಳೆಯುತ್ತದೆ. ಅದರಿಂದ ಜಿಲ್ಲೆಯ ಹೆಸರನ್ನು ಮೊದಲು, ಬಳಿಕ ಹೆದ್ದಾರಿಯನ್ನು, ಬಳಿಕ ಕಣ್ಣಿಗೆ ಕಾಣುವ ಗುರುತನ್ನು ಹೇಳುವುದು ಇಲ್ಲಿನವರಿಗೆ ಅನುಕೂಲ: ಕೃಷ್ಣಗಿರಿ ಜಿಲ್ಲೆ, ಹೊಸೂರು ರಾಯಕೋಟೆ ರಸ್ತೆ, ಸಾನಮಾವು ಕಾಡು ದಾಟಿದ ಮೇಲೆ, ಇಂಥ ದೇವಸ್ಥಾನದ ಎದುರಿನ ಮಣ್ಣುದಾರಿ. ಕನ್ನಡ ಶಾಲೆಯ ಮೇಷ್ಟರೊಬ್ಬರು ಮಕ್ಕಳಿಂದ ತಂತಮ್ಮ ಮನೆಯ ದಾರಿಯನ್ನು ಮೂರು ವಾಕ್ಯಗಳಲ್ಲಿ, ಕನ್ನಡದಲ್ಲೊಮ್ಮೆ ತಮಿಳಿನಲ್ಲೊಮ್ಮೆ, ಬರೆಯಿಸಿದರೆ ಭಾಷಾಪಾಠವೂ ಆಗುತ್ತದೆ, ಗೋಡೆಗೆ ಅಂಟಿಸಲು ಒಂದು ಚೀಟಿಯೂ ಆಗುತ್ತದೆ.

ಉದ್ದನಪಲ್ಲಿ ಬಿಟ್ಟ ಬಸ್ಸು ಇನ್ನಷ್ಟು ಹೊತ್ತಿನಲ್ಲಿ ರಾಯಕೋಟೆಯ ಬೆಟ್ಟದ ಬುಡ ಸೇರುತ್ತದೆ. 1791ರಲ್ಲಿ ಟಿಪ್ಪುವಿನ ಸೈನ್ಯದಿಂದ ಇಂಗ್ಲಿಷರು ಕಿತ್ತುಕೊಂಡ ಕೋಟೆ ಅದು. ಬಾರಾಮಹಲಿನಿಂದ ಮೈಸೂರಿನ ಪ್ರಸ್ಥಭೂಮಿಗೆ ಏರುವ ಕಣಿವೆಯ ಮೇಲೆ ಕಣ್ಣಿಡಲು ಕಟ್ಟಿದ್ದು. ಮೇಲೆ ಹತ್ತಿ ನಿಂತರೆ ಬಂದ ದಾರಿ ಇಡಿಯಾಗಿ ಕಾಣುತ್ತದೆ. ಸಂಜೆಯಾದಂತೆ ಕಾರ್ಖಾನೆಯ ಕಡೆ ದೀಪಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಹೊಲಗಳ ನಡುವಿನ ಪಂಪ್‌ಸೆಟ್ ಮನೆಗಳಲ್ಲಿ ಒಂದೊಂದಾಗಿ, ದೂರದೂರದಲ್ಲಿ.